ದಿನಾ ಉಸಿರು ಕಟ್ಟೋ ಹಂಗೆ ಓಡಿಸೋದು ತಪ್ಪು ಅನ್ನಿಸ್ತಿದೆ: ಸ್ಟೀಫನ್ ಸೈಲರ್ ಸಂಶೋಧನೆ, ನಮ್ ಮಂಡ್ಯ ಹುಡುಗ್ರ 1600 ಮೀಟರ್

ಗೊಬ್ಬರದಂಗಡಿ_ಮಂಡ್ಯ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ. ನಾನು ಪಿಇ ಮೇಷ್ಟ್ರಲ್ಲ, ಕೋಚೂ ಅಲ್ಲ, ಮಂಡ್ಯದಲ್ಲಿ ಗೊಬ್ಬರದಂಗಡಿ ಇಟ್ಕೊಂಡಿರೋನು. ಕಾಲೇಜಲ್ಲಿ 1500 ಮೀಟರ್ ಓಡ್ತಿದ್ದೆ ಅನ್ನೋ ಒಂದೇ ಕಾರಣಕ್ಕೆ ಸುತ್ತಮುತ್ತಲ ಹಳ್ಳಿ ಹುಡುಗ್ರು ಪೊಲೀಸ್ ಕಾನ್‌ಸ್ಟೇಬಲ್ ಫಿಸಿಕಲ್‌ಗೆ ರೆಡಿ ಮಾಡ್ಸಣ್ಣ ಅಂತ ಬರ್ತಾರೆ. ನಾಲ್ಕು ವರ್ಷದಿಂದ ಬೆಳಗ್ಗೆ ಐದೂವರೆಯಿಂದ ಏಳರ ತನಕ ಸ್ಟೇಡಿಯಂನಲ್ಲಿ, ಅಲ್ಲಿ ಏನಾದ್ರೂ ಕಾರ್ಯಕ್ರಮ ಇದ್ರೆ ಕಾಲುವೆ ಏರಿ ಮೇಲೆ ಓಡಿಸ್ತೀನಿ. ಗಂಡು ಹುಡುಗ್ರಿಗೆ 1600 ಮೀಟರ್, ಆರೂವರೆ ನಿಮಿಷ. ಅಂದ್ರೆ ಒಂದ್ ಲ್ಯಾಪ್‌ಗೆ 97 ಸೆಕೆಂಡ್ ಚಿಲ್ಲರೆ.

ಹೋದ್ ವರ್ಷದ ತನಕ ನಂದು ಒಂದೇ ಪಾಠ. ವಾರಕ್ಕೆ ಆರು ದಿನ 1600 ಫುಲ್ ಟೈಮಿಂಗ್. ನಾನು ಸ್ಟಾಪ್‌ವಾಚ್ ಹಿಡ್ಕೊಂಡು ಗೆರೆ ಹತ್ರ ನಿಂತ್ಕೊಂಡು ಕೂಗ್ತಿದ್ದೆ, ಓಡಿ ಬಂದು ಹುಲ್ಲಿನ ಮೇಲೆ ಬಿದ್ದು ವಾಂತಿ ಮಾಡಿದ್ರೆ ಇವತ್ತು ಚೆನ್ನಾಗಾಯ್ತು ಅಂತ ಅನ್ಕೋತಿದ್ದೆ. ನಮಗೂ ಹಂಗೇ ಕಲಿಸಿದ್ರು. ಹೋದ ಬ್ಯಾಚಲ್ಲಿ ಒಬ್ಬ ಹುಡುಗ, ಎಲ್ಲರಿಗಿಂತ ಚೆನ್ನಾಗಿ ಓಡ್ತಿದ್ದೋನು, ಮೊಣಕಾಲ ಕೆಳಗೆ ಮುಂದಿನ ಮೂಳೆ ನೋವು ಅಂತ ಮೂರು ವಾರ ಹೇಳ್ತಾನೇ ಇದ್ದ, ನಾನು ಎಣ್ಣೆ ಹಚ್ಕೋ ಸರಿ ಹೋಗುತ್ತೆ ಅಂದೆ. ಫಿಸಿಕಲ್‌ಗೆ ಹನ್ನೆರಡು ದಿನ ಇರೋವಾಗ ಕಾಲು ಊರಕ್ಕೇ ಆಗ್ಲಿಲ್ಲ. ಹೇರ್‌ಲೈನ್ ಫ್ರಾಕ್ಚರ್. ಆಮೇಲೆ ಅವರಪ್ಪ ಅಂಗಡಿಗೆ ಬಂದು ಎರಡು ಮೂಟೆ ಯೂರಿಯಾ ತಗೊಂಡು ದುಡ್ಡು ಕೊಟ್ಟು ಏನೂ ಅನ್ನದೆ ಹೋದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಅವತ್ತಿಂದ ಓದಕ್ಕೆ ಶುರು ಮಾಡ್ದೆ. ಸಿಕ್ಕಿದ್ದು ಸ್ಟೀಫನ್ ಸೈಲರ್ ಅನ್ನೋರ ಕೆಲಸ. ಅಮೆರಿಕದೋರು, ನಾರ್ವೆಗೆ ಹೋಗಿ ಅಲ್ಲೇ ಅಗ್ದರ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದವರು. ಇವರು ಮಾಡಿದ್ದು ಏನು ಅಂದ್ರೆ ಲ್ಯಾಬಲ್ಲಿ ಕೂತು ಹಿಂಗೆ ಓಡಬೇಕು ಅಂತ ಹೇಳಲಿಲ್ಲ, ನಿಜವಾಗ್ಲೂ ಗೆಲ್ತಾ ಇರೋರು ದಿನಾ ಏನ್ ಮಾಡ್ತಾರೆ ಅಂತ ಹೋಗಿ ಅಳೆದರು. 2006ರಲ್ಲಿ ಶೆರ್ಲಾಂಡ್ ಅನ್ನೋರ ಜೊತೆ ಬರೆದ ಪೇಪರಲ್ಲಿ 17 ವರ್ಷದ ಆಸುಪಾಸಿನ ಹನ್ನೊಂದು ಜನ ಸ್ಕೀಯಿಂಗ್ ಹುಡುಗ್ರು, 32 ದಿನ ಬಿಡದೆ ಅವರ ಪ್ರತಿ ಟ್ರೈನಿಂಗೂ ಲೆಕ್ಕ ಇಟ್ರು. ಹಾರ್ಟ್ ರೇಟ್ ಲೆಕ್ಕದಲ್ಲಿ 75% ಸೆಷನ್ ಸುಲಭದ ಓಟ, ಮಾತಾಡ್ಕೊಂಡು ಹೋಗೋ ಅಂಥದು. 17% ಜೋರು. ನಡುವೆ ಇರೋದು, ಏದುಸಿರು ಬಿಟ್ಕೊಂಡು ಆದ್ರೆ ಫುಲ್ ಅಲ್ಲ ಅನ್ನೋ ಥರದ್ದು, ಬರೀ 8%. ನಮ್ ಹುಡುಗ್ರದ್ದು ನೋಡಿದ್ರೆ ಸುಲಭದ್ದು ಅನ್ನೋದು ಸೊನ್ನೆ.

ಎರಡು ತಿಂಗಳಿಂದ ಈಗಿನ ಬ್ಯಾಚಿಗೆ ಬದಲಾಯಿಸಿದ್ದೀನಿ. ವಾರದಲ್ಲಿ ನಾಲ್ಕು ದಿನ ನಿಧಾನ, ಒಂದು ದಿನ, ಜಾಸ್ತಿ ಅಂದ್ರೆ ಎರಡು ದಿನ ಜೋರು. ಹುಡುಗ್ರು ನಂಬ್ತಾ ಇಲ್ಲ, ಕೆಲವರ ಅಪ್ಪಂದಿರು ಇವನೇನ್ ವಾಕಿಂಗ್ ಕಲಿಸ್ತಾವ್ನಾ ಅಂತ ಕೇಳ್ತಾವ್ರೆ. ನಿಮ್ಮಲ್ಲಿ ಇದನ್ನ ಓದಿರೋರು, ಮಾಡಿ ನೋಡಿರೋರು ಇದ್ರೆ ಹೇಳಿ. ನಾನು ತಪ್ಪು ಮಾಡ್ತಾ ಇದ್ರೂ ಹೇಳಿ, ಇನ್ನೊಂದು ಹುಡುಗನ ಕಾಲು ಹೋಗೋದು ಬೇಡ.

ಸಾವಿರಮೆಟ್ಟಿಲು

ಸ್ವಾಮಿ, ನಿಮ್ಮ ಮನಸ್ಸು ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಈಗ ಅರವತ್ತು, ಮೂವತ್ತೈದು ವರ್ಷದಿಂದ ವಾರಕ್ಕೆ ಮೂರು ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತಾ ಇದೀನಿ, ನಂದಿ ಹತ್ರ ನಿಲ್ಲೋದೂ ಇಲ್ಲ. ನಮ್ಮ ಕಾಲದಲ್ಲಿ ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗಿದ್ದು ಕಷ್ಟಪಟ್ಟು ಓಡಿದ್ದಕ್ಕೇ. ಜಟೋಪೆಕ್ ಹೆಸರು ಕೇಳಿದೀರಲ್ಲ, 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ 5000, 10000, ಮ್ಯಾರಥಾನ್ ಮೂರರಲ್ಲೂ ಚಿನ್ನ, ಆತ 400 ಮೀಟರನ್ನ ಲೆಕ್ಕವಿಲ್ಲದಷ್ಟು ಸಲ ಓಡ್ತಿದ್ದ. ಮಾತಾಡ್ಕೊಂಡು ಓಡಲಿಲ್ಲ.

ಇನ್ನೊಂದು ವಿಷಯ. ಆ ಸ್ಕೀಯಿಂಗ್ ಹುಡುಗ್ರು ಗಂಟೆಗಟ್ಟಲೆ ಹಿಮದಲ್ಲಿ ಹೋಗೋರು. ನಿಮ್ಮ ಹುಡುಗ್ರದ್ದು ಆರೂವರೆ ನಿಮಿಷದ ಆಟ. ಮೂರು ತಿಂಗಳಲ್ಲಿ ಪರೀಕ್ಷೆ ಅಂತ ಬಂದೋನಿಗೆ ನಿಧಾನ ಓಡು ಅಂದ್ರೆ ಅವನು ನಿಧಾನ ಓಡೋದನ್ನೇ ಕಲೀತಾನೆ. ಯಾವುದು ಮಾಡ್ತೀವೋ ಅದೇ ತಾನೇ ಬರೋದು?

ಗಂಗೋತ್ರಿ_ಲ್ಯಾಬ್

ನಾನು ಮಾನಸಗಂಗೋತ್ರಿಯಲ್ಲಿ ಓದ್ತಾ ಇದೀನಿ, ಇದೇ ವಿಷಯ. ಸರ್ ಕೇಳಿದ ಪ್ರಶ್ನೆ ಸರಿಯಾದ್ದು, ಆರೂವರೆ ನಿಮಿಷದ ಓಟಕ್ಕೆ ಇದೆಲ್ಲ ಅನ್ವಯ ಆಗುತ್ತಾ ಅಂತ. ಅದಕ್ಕೆ ಉತ್ತರ ಇದೆ.

2001ರಲ್ಲಿ ಸ್ಪೆನ್ಸರ್ ಮತ್ತು ಗ್ಯಾಸ್ಟಿನ್ ಅನ್ನೋರು ಒಳ್ಳೆ ಓಟಗಾರರನ್ನ ಟ್ರೆಡ್‌ಮಿಲ್ ಮೇಲೆ ಓಡಿಸಿ ಯಾವ ದೂರಕ್ಕೆ ಶಕ್ತಿ ಎಲ್ಲಿಂದ ಬರುತ್ತೆ ಅಂತ ಅಳೆದರು. 400 ಮೀಟರಲ್ಲಿ ಆಮ್ಲಜನಕದ ದಾರಿಯಿಂದ ಬರೋದು 43%, 800ಕ್ಕೆ 66%, 1500 ಮೀಟರ್‌ಗೆ ಬಂದ್ರೆ 84%. ಅವರು ನಾಲ್ಕು ನಿಮಿಷದ ಹತ್ರ ಮುಗಿಸೋರು. ಆರೂವರೆ ನಿಮಿಷ ಓಡೋ ಹುಡುಗನಿಗೆ ಈ ಪಾಲು ಇನ್ನೂ ಜಾಸ್ತಿನೇ ಆಗುತ್ತೆ ಹೊರತು ಕಮ್ಮಿ ಆಗಲ್ಲ. ಹಂಗಾಗಿ 1600 ಅನ್ನೋದು ನೋಡಕ್ಕೆ ಚಿಕ್ಕ ಓಟ, ಒಳಗಡೆ ನಡೆಯೋದು ಮಾತ್ರ ಹೃದಯ, ರಕ್ತ, ಸ್ನಾಯುಗಳ ಮೈಟೋಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸೋ ಭಾಗ) ಇವುಗಳದ್ದೇ ಕೆಲಸ. ಅವು ಬೆಳೆಯೋದು ಬಹಳ ಹೊತ್ತು ಸಲೀಸಾಗಿ ಓಡಿದಾಗ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳೋದು, ಸ್ನಾಯು ಸುತ್ತ ಸಣ್ಣ ರಕ್ತನಾಳ ಹೆಚ್ಚೋದು, ಇದಕ್ಕೆಲ್ಲ ದಿನಾ ಸಾಯೋ ಅಗತ್ಯ ಇಲ್ಲ.

ಜಟೋಪೆಕ್ ವಿಷಯ ಹೇಳಿದ್ರಿ, ಒಪ್ತೀನಿ. ಆದ್ರೆ 400 ಮೀಟರನ್ನ ಅಷ್ಟು ಸಲ ಒಂದೇ ದಿನ ಓಡಬೇಕು ಅಂದ್ರೆ ಅದರಲ್ಲಿ ಪ್ರತಿ ಒಂದೂ ಫುಲ್ ಜೋರಲ್ಲಿ ಇರಕ್ಕೆ ಸಾಧ್ಯವೇ ಇಲ್ಲ, ದೇಹ ಬಿಡಲ್ಲ. ಇನ್ನೊಂದು ಉದಾಹರಣೆ ತಗೊಳ್ಳಿ, ನ್ಯೂಜಿಲೆಂಡಿನ ಪೀಟರ್ ಸ್ನೆಲ್. 1960 ರೋಮ್‌ನಲ್ಲಿ 800ಕ್ಕೆ ಚಿನ್ನ, 1964 ಟೋಕಿಯೋದಲ್ಲಿ 800, 1500 ಎರಡಕ್ಕೂ ಚಿನ್ನ. ಅವರ ಕೋಚ್ ಆರ್ಥರ್ ಲಿಡಿಯಾರ್ಡ್ ಈ 800 ಮೀಟರ್ ಹುಡುಗನ್ನ ವಾರಕ್ಕೆ 160 ಕಿಲೋಮೀಟರ್ ಓಡಿಸ್ತಿದ್ರು. ಎರಡು ನಿಮಿಷದೊಳಗೆ ಮುಗಿಯೋ ಓಟಕ್ಕೆ!

ಪಾಂಡವಪುರ_ಹೈದ

ಅಣ್ಣ ನಾನೇ, ನಿಮ್ ಬ್ಯಾಚ್ನವ್ನೇ. ಇಲ್ಲಿ ಎಲ್ರು ಮುಂದೆ ನಿಜ ಹೇಳ್ಬುಡ್ತೀನಿ, ಮೊದ್ಲು ವಾರ ನೀವು ನಿಧಾನ ಓಡ್ರಲಾ ಅಂದಾಗ ನಾವು ಹೈಕ್ಳೆಲ್ಲ ಸಂಜೆ ಊರಲ್ಲಿ ಟಾರ್ ರೋಡ್ ಮೇಲೆ ಕದ್ದು ಇನ್ನೊಂದ್ಸಲ ಫುಲ್ ಓಡ್ತಿದ್ದೋ, ಅಣ್ಣಂಗೆ ಏನೂ ಗೊತ್ತಾಗಲ್ಲ ಅಂದ್ಕಂಡು. ನಂಗೆ ಕಾಲ್ ಉಳುಕ್ದಂಗಾಗಿ ಬುಟ್ಬುಟ್ಟೆ. ಇನ್ನಿಬ್ರು ಈಗ್ಲೂ ಓಡ್ತಾವ್ರೆ. ಹೆಸ್ರು ಹೇಳಾಕಿಲ್ಲ. ನಂಗೆ ಒಂದೇ ಅನುಮಾನ, ನಿಧಾನ ಅಂದ್ರೆ ಎಷ್ಟು ನಿಧಾನ? ನಮ್ತಾವ ವಾಚು ಗೀಚು ಏನಿಲ್ಲ.

ಗೊಬ್ಬರದಂಗಡಿ_ಮಂಡ್ಯ

ನನಗೆ ಗೊತ್ತಿತ್ತು ಕಣಪ್ಪ. ಬೆಳಗ್ಗೆ ಬಂದಾಗ ಕಾಲೆತ್ತೋದು ನೋಡಿದ್ರೇ ಗೊತ್ತಾಗುತ್ತೆ, ಬೈದ್ರೆ ಬರೋದೇ ಬಿಟ್ಬುಡ್ತೀರ ಅಂತ ಸುಮ್ಮನಿದ್ದೆ. ಆ ಇಬ್ಬರಿಗೆ ಇವತ್ತಿಂದ ನಿಲ್ಲಿಸೋಕ್ಕೆ ಹೇಳು.

ಎಷ್ಟು ನಿಧಾನ ಅನ್ನೋದಕ್ಕೆ ನಾನು ಮಗ್ಗಿ ಇಟ್ಟಿರೋದು ಅದಕ್ಕೇ. ಬೇರೆಯವರಿಗೂ ಹೇಳ್ಬುಡ್ತೀನಿ. ಓಡ್ತಾ ಓಡ್ತಾ ಹದಿಮೂರರ ಮಗ್ಗಿ ಜೋರಾಗಿ ಹೇಳಬೇಕು. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹಂಗೇ ಹತ್ತರ ತನಕ. ಒಂದು ಸಾಲು ಒಂದೇ ಉಸಿರಲ್ಲಿ ಬರಬೇಕು, ಆಮೇಲೆ ಉಸಿರು ತಗೊಂಡು ಮುಂದಿನ ಸಾಲು. 'ಹದಿಮೂರಾರ್ಲ' ಅಂತ ಹೇಳಿ ಉಸಿರೆಳೆದು 'ಎಪ್ಪತ್ತೆಂಟು' ಅಂದ್ರೆ ಜೋರಾಯ್ತು ಅಂತ, ಅಲ್ಲೇ ಸ್ಪೀಡ್ ಇಳಿಸಬೇಕು, ಬೇಕಾದ್ರೆ ನಡೀಬೇಕು. ಇದರ ಹಿಂದೆ ಇರೋದು ಮಾತಿನ ಪರೀಕ್ಷೆ, ಅಲ್ಲಿನೋರು ಟಾಕ್ ಟೆಸ್ಟ್ ಅಂತಾರೆ. ಮಾತು ಸಲೀಸಾಗಿ ಬರೋದು ನಿಲ್ಲೋ ಜಾಗ ಇದೆಯಲ್ಲ, ಅದೇ ಹೆಚ್ಚುಕಮ್ಮಿ ಉಸಿರಾಟದ ಮೊದಲನೇ ಗಡಿ. ಸೈಲರ್ ಸುಲಭದ ಓಟ ಅಂತ ಲೆಕ್ಕ ಹಾಕೋದು ಆ ಗಡಿ ಕೆಳಗೆ ಇರೋದನ್ನೇ.

ನಡೆಯೋದಕ್ಕೆ ನಾಚಿಕೆ ಪಡಬೇಡ. ಸೈಲರ್ ಅವರೇ ಒಂದು ಭಾಷಣದಲ್ಲಿ ಹೇಳ್ಕೊಂಡಿದ್ದಾರೆ, ನಾರ್ವೆಗೆ ಹೋದ ಹೊಸದರಲ್ಲಿ ಕಾಡಿನ ದಾರೀಲಿ ಒಬ್ಬ ಒಳ್ಳೆ ಸ್ಕೀಯರ್ ಓಡ್ಕೊಂಡು ಬಂದು ಏರು ಸಿಕ್ಕ ತಕ್ಷಣ ನಡೆಯಕ್ಕೆ ಶುರು ಮಾಡಿದ್ದು ನೋಡಿ ಇದೇನಿದು ಅಂತ ಆಶ್ಚರ್ಯ ಆಯ್ತಂತೆ. ಅವರ ತಲೇಲೂ ನಮ್ ಥರಾನೇ ಕಷ್ಟಪಟ್ಟರೇ ಫಲ ಅಂತ ಇತ್ತು. ಅಲ್ಲಿಂದಾನೇ ಈ ಪ್ರಶ್ನೆ ಅವರನ್ನ ಹಿಡ್ಕೊಂಡಿದ್ದು.

ಕೆರೆಏರಿ_ಅಮ್ಮ

ನಾನು ಪೊಲೀಸ್ ಪರೀಕ್ಷೆಯವಳಲ್ಲ, 46 ವರ್ಷ, ಬ್ಯಾಂಕ್ ಕೆಲಸ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತೀನಿ. ಮೂರು ವರ್ಷ ದಿನಾ ಒಂದೇ ಸ್ಪೀಡು. ಜೋರೂ ಅಲ್ಲ, ನಿಧಾನಾನೂ ಅಲ್ಲ, ಎದುರಿಗೆ ಪರಿಚಯದವರು ಸಿಕ್ಕಿದ್ರೆ ಕೈ ಎತ್ತೋದು ಬಿಟ್ರೆ ಮಾತು ಹೊರಡ್ತಿರಲಿಲ್ಲ. ಮೊದಲನೇ ವರ್ಷ ಟೈಮ್ ಇಳೀತು, ಆಮೇಲೆ ಎರಡು ವರ್ಷ ಒಂದು ಸೆಕೆಂಡೂ ಇಳೀಲಿಲ್ಲ. ಮಧ್ಯಾಹ್ನ ಕೌಂಟರಲ್ಲಿ ಕಣ್ಣು ಎಳೀತಿತ್ತು, ಮನೆಗೆ ಬಂದ್ರೆ ಮಕ್ಕಳ ಮೇಲೆ ರೇಗಾಡೋದು. ಆ ನಡುವಿನ ಝೋನ್ ಬಗ್ಗೆ ನೀವು ಬರೆದಿದ್ದು ಓದಿದಾಗ ನನ್ನ ಬಗ್ಗೆಯೇ ಬರೆದ ಹಾಗಿತ್ತು.

ನನ್ನ ಪ್ರಶ್ನೆ ಹಾರ್ಟ್ ರೇಟ್ ಬಗ್ಗೆ. ವಾಚಲ್ಲಿ 220ರಿಂದ ವಯಸ್ಸು ಕಳೆದು ನನ್ನ ಗರಿಷ್ಠ 174 ಅಂತ ಇಟ್ಟಿದೆ. ಆದ್ರೆ ಬೆಟ್ಟದ ಮೆಟ್ಟಿಲು ಹತ್ತೋವಾಗ 186 ತೋರಿಸ್ತು. ನನ್ನ ಹೃದಯದಲ್ಲಿ ಏನಾದ್ರೂ ತೊಂದರೆನಾ, ಇಲ್ಲ ವಾಚ್ ತಪ್ಪಾ?

ಗಂಗೋತ್ರಿ_ಲ್ಯಾಬ್

ಅಮ್ಮ, ಆ 220ರ ಸೂತ್ರ 1970ರ ದಶಕದ ಶುರುವಲ್ಲಿ ಬಂದಿದ್ದು, ಇದ್ದ ಮಾಹಿತಿ ಮೇಲೆ ಅಂದಾಜಿಗೆ ಎಳೆದ ಗೆರೆ. 2001ರಲ್ಲಿ ತನಾಕ ಮತ್ತು ಜೊತೆಗಾರರು ಬಹಳ ಜನರ ಮಾಹಿತಿ ಸೇರಿಸಿ 208ರಿಂದ ವಯಸ್ಸಿನ 0.7 ಪಾಲು ಕಳೀಬೇಕು ಅಂದ್ರು. ನಿಮ್ಮ ವಯಸ್ಸಿಗೆ ಎರಡೂ ಹತ್ತಿರ ಹತ್ತಿರ, 174 ಮತ್ತು 176. ಮೇಲೆ ಬರೆದಿರೋ ಅರವತ್ತರ ಸರ್‌ಗೆ ನೋಡಿದ್ರೆ 160 ಮತ್ತು 166. ಆದ್ರೆ ಯಾವ ಸೂತ್ರ ಆದ್ರೂ ಅದು ಸರಾಸರಿ, ಆರೋಗ್ಯವಾಗಿರೋರಲ್ಲೇ ಹತ್ತು ಬಡಿತ ಆಚೆ ಈಚೆ ಇರೋದು ತೀರಾ ಸಾಮಾನ್ಯ. ಜೊತೆಗೆ ಮಣಿಕಟ್ಟಿನ ವಾಚು ಕೈ ಆಡ್ಸೋವಾಗ ತಪ್ಪು ಓದೋದೂ ಇದೆ, ಎದೆಗೆ ಕಟ್ಟೋ ಪಟ್ಟಿ ಅದಕ್ಕಿಂತ ನಂಬಬಹುದು. ತಲೆಸುತ್ತು, ಎದೆನೋವು ಅಂಥದ್ದೇನಾದ್ರೂ ಇದ್ರೆ ಮಾತ್ರ ತಡ ಮಾಡ್ದೆ ಡಾಕ್ಟರ್ ಹತ್ರ ಹೋಗಿ. ಓಟದ ಲೆಕ್ಕಕ್ಕೆ ಆ ಹದಿಮೂರರ ಮಗ್ಗಿ ನಿಮ್ಮ ವಾಚಿಗಿಂತ ವಾಸಿ, ನಾನು ಇದನ್ನ ನಮ್ಮ ಹುಡುಗೀರಿಗೂ ಹೇಳ್ತೀನಿ.

ದಿನಾ ನಡುವಿನ ಝೋನಲ್ಲಿ ಓಡಿದ್ರೆ ಯಾಕೆ ಸುಸ್ತು ಉಳಿಯುತ್ತೆ ಅನ್ನೋದಕ್ಕೂ ಸೈಲರ್ ಅವರದ್ದೇ 2007ರ ಒಂದು ಪೇಪರ್ ಇದೆ. ಓಡಿದ ಮೇಲೆ ನರಮಂಡಲ ಎಷ್ಟು ಬೇಗ ಸುಧಾರಿಸ್ಕೊಳ್ಳುತ್ತೆ ಅಂತ ಹೃದಯದ ಬಡಿತ-ಬಡಿತದ ನಡುವಿನ ಏರುಪೇರು ಹಿಡ್ಕೊಂಡು ನೋಡಿದ್ರು. ಒಳ್ಳೆ ತಯಾರಿ ಇರೋರು ಮೊದಲನೇ ಗಡಿ ಕೆಳಗೆ ಎರಡು ಗಂಟೆ ಓಡಿದ್ರೂ ಬೇಗ ಮಾಮೂಲಿಗೆ ಬಂದ್ರು. ಗಡಿ ದಾಟಿ ಓಡಿದಾಗ ತಡ ಆಯ್ತು. ಇದರಲ್ಲಿ ಮುಖ್ಯ ಏನು ಅಂದ್ರೆ ನಡುವಿನ ಓಟಕ್ಕೂ ಪೂರ್ತಿ ಜೋರಿನ ಇಂಟರ್ವಲ್‌ಗೂ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡೋದು) ಸುಧಾರಿಸ್ಕೊಳ್ಳೋ ಹೊತ್ತಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಅಂದ್ರೆ ನಡುವಿನಲ್ಲಿ ಓಡೋರು ಜೋರು ಓಟದ ಬೆಲೆ ಕೊಡ್ತಾರೆ, ಜೋರು ಓಟದ ಮಾಲು ಸಿಗಲ್ಲ.

ಸಾವಿರಮೆಟ್ಟಿಲು

ಮಗಳೇ, ಚೆನ್ನಾಗಿ ವಿವರಿಸ್ತೀಯ. ಆದ್ರೂ ನನ್ನ ಮನಸ್ಸು ಒಂದು ಕಡೆ ನಿಂತಿದೆ. ಗೆಲ್ಲೋರನ್ನ ನೋಡಿ ಅವರು ಮಾಡ್ತಾರೆ ಅಂದ್ರೆ ಅದೇ ಕಾರಣಕ್ಕೆ ಗೆದ್ದರು ಅಂತ ಹೇಗೆ ಹೇಳೋದು? ಹುಟ್ಟಿನಿಂದಲೇ ಕುದುರೆ ಥರ ಇರೋರು ಹೆಂಗೆ ಓಡಿದ್ರೂ ಗೆಲ್ತಾರೆ. ಒಂದೇ ಥರದ ಹುಡುಗ್ರನ್ನ ಎರಡು ಗುಂಪು ಮಾಡಿ ಓಡಿಸಿ ನೋಡಿದ್ದಾರಾ? ಅದನ್ನ ತೋರಿಸಿ, ಒಪ್ಕೋತೀನಿ.

ಗೊಬ್ಬರದಂಗಡಿ_ಮಂಡ್ಯ

ಮಾಡಿದ್ದಾರೆ ಸರ್, ನಾನೂ ಇದನ್ನೇ ಹುಡುಕಿದೆ. 2007ರಲ್ಲಿ ಸ್ಪೇನಿನ ಎಸ್ಟೆವೆ-ಲಾನಾವೊ, ಜೊತೆಗೆ ಸೈಲರೂ ಇದ್ರು. ಹನ್ನೆರಡು ಓಟಗಾರರು, ಐದು ತಿಂಗಳು. ಒಂದು ಗುಂಪು ಸುಲಭದ ಓಟ 80% ಹತ್ರ, ಇನ್ನೊಂದು ಗುಂಪು ಸುಲಭದ್ದು 65% ಹತ್ರ ಇಟ್ಟು ನಡುವಿನ ಝೋನ್ ಜಾಸ್ತಿ ಮಾಡಿದ್ದು. ಜೋರಿನ ಓಟ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಕೊನೇಲಿ 10.4 ಕಿಲೋಮೀಟರ್ ಓಡಿಸಿದಾಗ ಸುಲಭದ ಗುಂಪು ಸರಾಸರಿ 157 ಸೆಕೆಂಡ್ ಇಳಿಸಿತ್ತು, ಇನ್ನೊಂದು 121 ಚಿಲ್ಲರೆ. ಇಬ್ಬರೂ ಸುಧಾರಿಸಿದ್ರು ಅನ್ನೋದನ್ನೂ ಮರೀಬಾರದು. ಆದ್ರೆ ಜಾಸ್ತಿ ಕಷ್ಟಪಟ್ಟವರು ಕಮ್ಮಿ ಸುಧಾರಿಸಿದ್ರು. ಅದನ್ನ ಓದಿ ನಾನು ಅಂಗಡೀಲಿ ಗಿರಾಕಿ ಇದ್ರೂ ಸುಮ್ಮನೆ ಕೂತುಬಿಟ್ಟೆ.

ಇನ್ನೊಂದು 2004ರದ್ದು, ಫಿಸ್ಕರ್‌ಸ್ಟ್ರಾಂಡ್ ಮತ್ತು ಸೈಲರ್. ನಾರ್ವೆಯ ಅಂತರರಾಷ್ಟ್ರೀಯ ಪದಕ ಗೆದ್ದ ದೋಣಿ ಓಟದೋರು 28 ಜನ, 1970ರಿಂದ 2001ರ ತನಕ. ಎಪ್ಪತ್ತರ ದಶಕದಲ್ಲಿ ತಿಂಗಳಿಗೆ 23 ಗಂಟೆ ರೇಸ್ ಸ್ಪೀಡಲ್ಲಿ, ಅದಕ್ಕೂ ಮೇಲೆ ಮಾಡ್ತಿದ್ದರು, ತೊಂಬತ್ತರ ದಶಕಕ್ಕೆ ಅದು 7 ಗಂಟೆ ಆಯ್ತು. ಸುಲಭದ್ದು 30ರಿಂದ 50 ಗಂಟೆಗೆ ಏರಿತು. ಅದೇ ಹೊತ್ತಲ್ಲಿ ದೇಹ ನಿಮಿಷಕ್ಕೆ ಎಳ್ಕೊಳ್ಳೋ ಗರಿಷ್ಠ ಆಮ್ಲಜನಕ 5.8 ಲೀಟರಿಂದ 6.5 ಲೀಟರ್‌ಗೆ. ಒಂದೇ ದೇಶ, ಒಂದೇ ಆಟ, ಮೂವತ್ತು ವರ್ಷ. ದೋಣಿ, ಸೆಲೆಕ್ಷನ್, ಊಟ ಎಲ್ಲ ಬದಲಾಗಿರುತ್ತೆ, ಪೂರ್ತಿ ಇದೇ ಕಾರಣ ಅಂತ ನಾನೂ ಹೇಳಲ್ಲ. ಆದ್ರೆ ಮೂರು ತಲೆಮಾರಿನ ಕೋಚ್‌ಗಳು ಕೈ ಸುಟ್ಕೊಂಡು ಸುಟ್ಕೊಂಡು ಕೊನೆಗೆ ಬಂದು ನಿಂತಿದ್ದು ನಿಧಾನದ ಕಡೆಗೆ.

ಗಂಗೋತ್ರಿ_ಲ್ಯಾಬ್

ಅಣ್ಣ, ನಾನು ನಿಮ್ಮ ಕಡೆಯವಳೇ, ಆದ್ರೆ ಎದುರು ಪಕ್ಷದ ಮಾತೂ ಇಲ್ಲಿ ಬರಬೇಕು. 2022ರಲ್ಲಿ ಬರ್ನ್‌ಲಿ, ಬಿಯರ್ಡನ್, ಆಂಡ್ರ್ಯೂ ಜೋನ್ಸ್ ಈ ಥರದ ಟ್ರೈನಿಂಗೇ ಅತ್ಯುತ್ತಮ ಅಂತ ಹೇಳಕ್ಕೆ ಆಧಾರ ಸಾಲದು ಅಂತ ನೇರವಾಗೇ ಬರೆದ್ರು. ಫಾಸ್ಟರ್, ಸೈಲರ್ ಮತ್ತೆ ಕೆಲವರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ರು. ಜಗಳದ ಬೇರು ಎರಡು ಕಡೆ ಇದೆ.

ಒಂದು, ಲೆಕ್ಕ ಹಾಕೋ ರೀತಿ. ಸೆಷನ್ ಎಣಿಸಿದ್ರೆ ಹತ್ತರಲ್ಲಿ ಎರಡು ಜೋರು. ಆದ್ರೆ ಆ ಜೋರಿನ ದಿನದಲ್ಲೂ ವಾರ್ಮಪ್, ನಡುವೆ ಜಾಗಿಂಗ್, ಕೂಲ್‌ಡೌನ್ ಎಲ್ಲ ತೆಗೆದು ನಿಜವಾದ ಜೋರಿನ ನಿಮಿಷ ಎಣಿಸಿದ್ರೆ ಒಟ್ಟು ಹೊತ್ತಲ್ಲಿ ಅದು ಇನ್ನೂ ಕಮ್ಮಿ, ಹತ್ತರಲ್ಲಿ ಒಂದರ ಹತ್ರ ಬರುತ್ತೆ. ಜನ 80-20 ಅಂತ ಕೇಳ್ಕೊಂಡು ವಾರಕ್ಕೆ ಐದು ಗಂಟೆ ಓಡೋರು ಒಂದು ಗಂಟೆ ಪೂರ್ತಿ ಫುಲ್ ಸ್ಪೀಡ್ ಓಡಕ್ಕೆ ಹೋಗ್ತಾರೆ, ಅದು ತಪ್ಪು.

ಎರಡು, ದೊಡ್ಡ ಓಟಗಾರರಲ್ಲಿ ಬಹಳ ಜನ ಸುಲಭದ್ದು ಜಾಸ್ತಿ, ನಡುವಿನದು ಅದಕ್ಕಿಂತ ಕಮ್ಮಿ, ಜೋರು ಇನ್ನೂ ಕಮ್ಮಿ ಅನ್ನೋ ಗೋಪುರದ ಥರ ಮಾಡ್ತಾರೆ. ಹಂಗಾಗಿ ನಡುವಿನ ಝೋನ್ ವಿಷ ಅಂತ ತಿಳ್ಕೋಬಾರದು. ಎರಡೂ ಪಕ್ಷ ಒಪ್ಪೋ ಮಾತು ಒಂದೇ, ಬಹುಪಾಲು ಸುಲಭವಾಗಿರಬೇಕು.

ಇನ್ನು ಕಮ್ಮಿ ಓಡೋ ನಮ್ಮಂಥವರ ಬಗ್ಗೆ. 2014ರಲ್ಲಿ ಮುನ್ಯೋಸ್ ಮತ್ತು ಜೊತೆಗಾರರು (ಸೈಲರೂ ಇದ್ರು) 30 ಹವ್ಯಾಸಿ ಓಟಗಾರರನ್ನ ಹತ್ತು ವಾರ ಓಡಿಸಿದ್ರು. ಸುಲಭ-ಜೋರು ಗುಂಪು 10 ಕಿಲೋಮೀಟರಲ್ಲಿ 5.0%, ನಡುವಿನ ಗುಂಪು 3.6% ಸುಧಾರಿಸಿತು, ಆದ್ರೆ ಲೆಕ್ಕಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಟ್ಟಿ ಅಲ್ಲ. ಹೇಳಿದ್ದನ್ನ ಸರಿಯಾಗಿ ಪಾಲಿಸಿದವರನ್ನ ಮಾತ್ರ ತಗೊಂಡ್ರೆ 7.0% ಮತ್ತು 1.6%. ಅಲ್ಲೂ ನಿಮ್ಮ ಹುಡುಗ್ರ ಥರಾನೇ ನಿಧಾನ ಓಡು ಅಂದ್ರೆ ಕೇಳದವರು ಇದ್ರು ಅಂತ ಕಾಣುತ್ತೆ.

ಫಿಸಿಯೋ_ಸರಸ್ವತಿಪುರಂ

ಓಟದ ಟೈಮಿಂಗ್ ಬಗ್ಗೆ ಬಲ್ಲವರು ಮಾತಾಡ್ತಿದ್ದೀರಿ, ನಾನು ಕಾಲಿನ ಬಗ್ಗೆ ಎರಡು ಮಾತು ಹೇಳ್ತೀನಿ, ಆ ಹುಡುಗನ ವಿಷಯ ಓದಿ ಹೊಟ್ಟೆ ಚುರುಕ್ ಅಂತು.

ದಮ್ಮು ವಾರಗಳಲ್ಲಿ ಬರುತ್ತೆ. ಮೂಳೆ ಹಂಗಲ್ಲ, ಅದು ಹಳೇ ಭಾಗ ತೆಗೆದು ಹೊಸದು ಕಟ್ಕೊಳ್ಳಕ್ಕೆ ತಿಂಗಳುಗಟ್ಟಲೆ ತಗೊಳ್ಳುತ್ತೆ, ಆ ನಡುವೆ ಆ ಜಾಗ ಮೊದಲಿಗಿಂತ ಮೆತ್ತಗಿರುತ್ತೆ. ಹುಡುಗನಿಗೆ ಮೂರನೇ ವಾರಕ್ಕೆ ಉಸಿರು ಸಲೀಸಾಯ್ತು ಇನ್ನೂ ಜೋರು ಓಡ್ತೀನಿ ಅನ್ನಿಸುತ್ತೆ, ಅದೇ ಹೊತ್ತಲ್ಲಿ ಕಾಲು ಅತಿ ಬಡವಾಗಿರುತ್ತೆ. ನನ್ನ ಹತ್ರ ನೇಮಕಾತಿ ಸೀಸನ್‌ನಲ್ಲಿ ಬರೋ ಹುಡುಗ್ರೆಲ್ಲ ಇದೇ ಕಥೆ ಹೇಳೋದು.

ಗುರುತು ಹಿಡಿಯೋದು ಹಿಂಗೆ. ಮುಂದಿನ ಮೂಳೆ ಉದ್ದಕ್ಕೂ ಒಂದು ಗೇಣು ಜಾಗದಲ್ಲಿ ನೋವು ಹರಡಿದ್ರೆ, ಓಡ್ತಾ ಓಡ್ತಾ ಕಮ್ಮಿ ಆದ್ರೆ, ಅದು ಸಾಮಾನ್ಯವಾಗಿ ಮೂಳೆ ಅಂಚಿನ ಊತ, ಓಟ ಕಮ್ಮಿ ಮಾಡಿದ್ರೆ ಇಳಿಯುತ್ತೆ. ಒಂದು ಬೆರಳಲ್ಲಿ ಇಲ್ಲೇ ಅಂತ ತೋರಿಸಕ್ಕೆ ಬಂದ್ರೆ, ಅಲ್ಲಿ ಒತ್ತಿದ್ರೆ ಜೀವ ಹೋದಂಗಾದ್ರೆ, ಓಡ್ತಾ ಜಾಸ್ತಿ ಆದ್ರೆ, ರಾತ್ರಿ ಮಲಗಿದಾಗ್ಲೂ ನೋವಿದ್ರೆ ಅವತ್ತೇ ಓಟ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಕ್ಸ್‌ರೇ ಸರಿಯಿದೆ ಅಂತ ಓಡಕ್ಕೆ ಬಿಡಬೇಡಿ. ಹಚ್ಚಿದ ಎಣ್ಣೆ ಮೂಳೆಗೆ ತಲುಪಲ್ಲ ಅಣ್ಣ.

ಪಾಂಡವಪುರ_ಹೈದ

ಮೇಡಂ ಇದ್ನ ನಮ್ ಗ್ರೂಪ್ಗೆ ಹಾಕಿವ್ನಿ. ಒಬ್ಬ ಈಗ್ಲೇ ಬೆಳ್ ಇಟ್ಟು ಒತ್ಕಂಡು ನೋಡ್ತಾವ್ನೆ.

ಕೆರೆಏರಿ_ಅಮ್ಮ

ಆರು ವಾರ ಆಯ್ತು, ಹೇಳಿದ ಹಾಗೆ ಮಾಡಿದೆ, ಅದನ್ನ ಬರೀಬೇಕು ಅನ್ನಿಸ್ತು. ಮೊದಲ ಎರಡು ವಾರ ಅವಮಾನ ಆದಂಗಿತ್ತು, ವಾಕಿಂಗ್ ಬರೋ ಹಿರಿಯರು ನನ್ನನ್ನ ದಾಟ್ಕೊಂಡು ಹೋಗ್ತಿದ್ದರು. ಕೆರೆ ಮೇಲೆ ಹೆಜ್ಜಾರ್ಲೆ ಕೂತಿರೋದು ಮೂರು ವರ್ಷದಲ್ಲಿ ಮೊದಲನೇ ಸಲ ನಿಂತು ನೋಡಿದಂಗೆ ನೋಡಿದೆ, ಅಷ್ಟು ನಿಧಾನ. ಮಂಗಳವಾರ ಮಾತ್ರ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಡಿಗೆ, ನಾಲ್ಕು ಸಲ. ಈಗ ಅದೇ ಮಗ್ಗಿ ಹೇಳೋ ಸ್ಪೀಡಲ್ಲಿ ಒಂದು ಸುತ್ತು ಮೊದಲಿಗಿಂತ ಮೂರು ನಿಮಿಷ ಬೇಗ ಮುಗೀತಿದೆ. ಜೋರು ಓಡಿ ಟೈಮ್ ನೋಡಿಲ್ಲ ಇನ್ನೂ. ಆದ್ರೆ ಸಂಜೆ ಮನೆಗೆ ಬಂದಾಗ ನನ್ನಲ್ಲಿ ಏನೋ ಉಳಿದಿರುತ್ತೆ, ನನ್ನ ಮಗಳೇ ಗುರುತಿಸಿ ಹೇಳಿದಳು.

ಸಾವಿರಮೆಟ್ಟಿಲು

ನಾನೂ ಒಂದು ತಿಂಗಳು ನೋಡೋಣ ಅಂತ ಹೊರಟೆ. ಮೆಟ್ಟಿಲ ಮೇಲೆ ಹದಿಮೂರರ ಮಗ್ಗಿ ಹೇಳಕ್ಕೆ ಆಗಲ್ಲ ಸ್ವಾಮಿ, ನೂರನೇ ಮೆಟ್ಟಿಲಿಗೇ ಕಟ್ಟಾಗುತ್ತೆ. ಅಂದ್ರೆ ಮೂವತ್ತೈದು ವರ್ಷ ನಾನು ವಾರಕ್ಕೆ ಮೂರು ದಿನ ಬರೀ ಜೋರಿನದ್ದೇ ಮಾಡಿದ್ದೀನಿ ಅಂತಾಯ್ತು. ಈಗ ಒಂದು ದಿನ ಮೆಟ್ಟಿಲು, ಎರಡು ದಿನ ಲಿಂಗಾಂಬುಧಿ ಕೆರೆ ಹತ್ರ ಬಿರುಸು ನಡಿಗೆ. ಮೆಟ್ಟಿಲು ಹತ್ತೋದ್ರಿಂದ ತೊಡೆಗೆ ಬರೋ ಕಸುವು ಬಯಲಲ್ಲಿ ಬರಲ್ಲ ಅನ್ನೋ ನನ್ನ ಮಾತು ಮಾತ್ರ ಹಿಂದಕ್ಕೆ ತಗೊಳ್ಳಲ್ಲ. ನಿಮ್ಮ ಹುಡುಗ್ರಿಗೂ ವಾರಕ್ಕೊಂದು ದಿನ ಏರು ಹತ್ತಿಸಿ.

ಗೊಬ್ಬರದಂಗಡಿ_ಮಂಡ್ಯ

ಸರ್, ಏರಿನ ಮಾತು ಒಪ್ಪಿದೆ, ಜೋರಿನ ದಿನ ಕಾಲುವೆ ಏರಿ ಪಕ್ಕದ ಇಳಿಜಾರಲ್ಲಿ ಆರು ಸಲ ಹತ್ತಿಸ್ತಾ ಇದೀನಿ.

ನಿನ್ನೆ ಟೈಮಿಂಗ್ ತಗೊಂಡೆ. ಮೂರು ತಿಂಗಳು ದಾಟ್ತು. ಒಂಬತ್ತು ಜನದಲ್ಲಿ ಏಳು ಜನ ಇಳಿಸಿದ್ದಾರೆ. ಪಾಂಡವಪುರದ ಹುಡುಗ ಬಂದಾಗ 7 ನಿಮಿಷ 4 ಸೆಕೆಂಡ್ ಇದ್ದೋನು, ನಿನ್ನೆ 6 ನಿಮಿಷ 21. ಮೊದಲನೇ ಲ್ಯಾಪ್ 96, ಕೊನೇದು 93, ಮುಂಚೆ ಎಲ್ಲ ಮೊದಲನೇ ಲ್ಯಾಪ್ 80ರಲ್ಲಿ ಹೋಗಿ ಮೂರನೇದ್ರಲ್ಲಿ ಸತ್ತು ಬೀಳ್ತಿದ್ದ. ಇಬ್ಬರದ್ದು ಇದ್ದಲ್ಲೇ ಇದೆ, ಅದರಲ್ಲೊಬ್ಬ ರಾತ್ರಿ ಪಾಳಿ ಆಲೆಮನೆ ಕೆಲಸ ಮುಗಿಸಿ ನೇರ ಸ್ಟೇಡಿಯಂಗೆ ಬರ್ತಾನೆ, ನಿದ್ದೇನೇ ಇಲ್ಲ. ಅವನಿಗೆ ಯಾವ ಸಂಶೋಧನೆ ಹೇಳೋದು ನಾನು? ಅವನ ಜೋರಿನ ದಿನ ಒಂದು ಕಿತ್ತಾಕಿ ಮಲಗಕ್ಕೆ ಕಳಿಸ್ತಾ ಇದೀನಿ.

ಎಲ್ಲರ ಕೈಲೂ ಒಂದು ನೋಟ್ ಬುಕ್ ಇಡಿಸಿದ್ದೀನಿ. ಕಾರ್ಲ್ ಫಾಸ್ಟರ್ ಅನ್ನೋರು ಹೇಳಿದ ಲೆಕ್ಕ ಅದು, ಓಡಿ ಅರ್ಧ ಗಂಟೆ ಆದ ಮೇಲೆ ಇವತ್ತು ಎಷ್ಟು ಕಷ್ಟ ಆಯ್ತು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್, ಅದನ್ನ ನಿಮಿಷದಿಂದ ಗುಣಿಸೋದು. 40 ನಿಮಿಷ ನಿಧಾನ ಓಡಿ 3 ಅಂದ್ರೆ 120. 25 ನಿಮಿಷ ಜೋರು ಓಡಿ 8 ಅಂದ್ರೆ 200. ವಾರದ ಮೊತ್ತ ಏಕಾಏಕಿ ಮೇಲೆ ಹಾರಿದ್ರೆ, ನಿಧಾನದ ದಿನಾನೂ 6, 7 ಅಂತ ಬರೆದಿದ್ರೆ ಕರೆದು ಕೇಳ್ತೀನಿ. ಹೋದ ವಾರ ಒಬ್ಬ ಮೂರು ದಿನ ಸಾಲಾಗಿ 7 ಬರೆದಿದ್ದ, ವಿಚಾರಿಸಿದ್ರೆ ಜ್ವರ ಇಟ್ಕೊಂಡು ಯಾರಿಗೂ ಹೇಳದೆ ಬರ್ತಿದ್ದ.

ಹೋದ ವರ್ಷದ ಆ ಹುಡುಗ, ಕಾಲು ಮುರಿದೋನು, ಈ ಸೋಮವಾರ ವಾಪಸ್ ಬಂದ. ಡಾಕ್ಟರ್ ಓಡಬಹುದು ಅಂತ ಚೀಟಿ ಕೊಟ್ಟಿದ್ದಾರೆ, ನಾನೇ ನೋಡ್ಕೊಂಡೆ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ, ಹುಲ್ಲಿನ ಮೇಲೆ ಮಾತ್ರ. ನಾನೂ ಪಕ್ಕದಲ್ಲೇ ಓಡಿದೆ. ಹದಿಮೂರರ ಮಗ್ಗಿ ಮರೆತೋಗಿದೆ ಅಣ್ಣ ಅಂದ, ಇಬ್ಬರೂ ಸೇರಿ ಹೇಳ್ಕೊಂಡು ಹೋದ್ವಿ, ಹದಿಮೂರೇಳ್ಲ ತೊಂಬತ್ತೊಂದು ಅನ್ನೋವಾಗ ಅವನ ಉಸಿರು ಸಲೀಸಾಗೇ ಇತ್ತು. ಅವರಪ್ಪ ಸೈಕಲ್ ನಿಲ್ಲಿಸ್ಕೊಂಡು ಗೇಟ್ ಹತ್ರ ನಿಂತು ಪೂರ್ತಿ ನೋಡಿದ್ರು.

ಫಿಸಿಯೋ ಮೇಡಂ, ನೀವು ಯಾವತ್ತಾದ್ರೂ ಭಾನುವಾರ ಮಂಡ್ಯ ಕಡೆ ಬರೋ ಹಂಗಿದ್ರೆ ಈ ಒಂಬತ್ತು ಜನರ ಕಾಲು ಒಂದ್ಸಲ ಮುಟ್ಟಿ ನೋಡ್ತೀರಾ? ಬೆಳಗ್ಗೆ ಆರಕ್ಕೆ ಎಲ್ಲರೂ ಇರ್ತಾರೆ.

ಫಿಸಿಯೋ_ಸರಸ್ವತಿಪುರಂ

ಈ ಭಾನುವಾರವೇ ಬರ್ತೀನಿ. ಬೆಳಗ್ಗೆ ಮೊದಲನೇ ರೈಲಿಗೆ ಹೊರಡ್ತೀನಿ, ಆರಕ್ಕೆ ಆಗದಿದ್ರೂ ಏಳರೊಳಗೆ ಅಲ್ಲಿರ್ತೀನಿ. ಅಲ್ಲಿ ತನಕ ಯಾರನ್ನೂ ಟಾರ್ ರೋಡ್ ಮೇಲೆ ಓಡಿಸಬೇಡಿ, ಎಲ್ಲರಿಗೂ ಅವರು ದಿನಾ ಓಡೋ ಶೂಗಳನ್ನೇ ಹಾಕ್ಕೊಂಡು ಬರೋಕ್ಕೆ ಹೇಳಿ, ತೊಳೆದು ಬರಬೇಡಿ, ಅಡಿ ಎಲ್ಲಿ ಸವೆದಿದೆ ನೋಡಬೇಕು.